ಒತ್ತು ತಪ್ಪಿದ ಒಗ್ಗರಣೆ

ನಮ್ಮ ಲ್ಯಾಪ್‌ಟಾಪು ಅಡುಗೆಮನೆ ಹೊಕ್ಕಿದ್ದು ಹಾಗಲಕಾಯಿಯ ದೆಸೆಯಿಂದ. ಅಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲ ಟೈಪು ಮಾಡಿ, 'ಅಮ್ಮನ ಗೊಜ್ಜು' ಎಂದು ಹೆಸರಿಟ್ಟು ಉಳಿಸಿಕೊಂಡಿದ್ದೆ. ಹೆಂಡತಿ ಆಫೀಸಿನಿಂದ ಬರುವುದರೊಳಗೆ ಮಾಡಿ ಮುಗಿಸಿ ಬೀಗುವ ಆಸೆ. ಕಟ್ಟೆಯ ಮೇಲೆ, ಒಲೆಗೆ ಒಂದು ಗೇಣು ದೂರದಲ್ಲಿ ಲ್ಯಾಪ್‌ಟಾಪನ್ನು ಕೂರಿಸಿದೆ.

ಎಣ್ಣೆ ಕಾಯಲಿಟ್ಟು ಹುಣಿಸೆಹಣ್ಣು ಕಿವುಚತೊಡಗಿದೆ. ಎರಡೂ ಕೈ ರಸದಲ್ಲಿ ಮುಳುಗಿದ್ದೇ ತಡ, ಪರದೆ ಕಣ್ಣು ಮುಚ್ಚಿತು. ಮೊಣಕೈಯಿಂದ ತಿವಿದು ಎಬ್ಬಿಸಿದರೆ ಪಾಸ್‌ವರ್ಡ್ ಕೇಳಿತು. ನನ್ನದೇ ಮನೆ, ನನ್ನದೇ ಹಾಗಲಕಾಯಿ, ಗುರುತು ಹೇಳಬೇಕಾದವನೂ ನಾನೇ! ಕೈ ತೊಳೆದು, ಒರೆಸಿಕೊಳ್ಳದೆ ಓಡಿ ಬಂದು ಪಾಸ್‌ವರ್ಡ್ ಒತ್ತಿದೆ. ಟಚ್‌ಪ್ಯಾಡು ಬೆರಳಿನಿಂದಾಗುವ ವಿದ್ಯುತ್ತಿನ ವ್ಯತ್ಯಾಸ ಹಿಡಿದು ನಡೆಯುವಂಥದ್ದು. ನೀರಿನ ಹನಿಯನ್ನೂ ಬೆರಳೆಂದೇ ನಂಬಿಬಿಡುತ್ತದೆ. ಬಾಣ ಪರದೆ ತುಂಬ ಕುಣಿದು, ಗೊಜ್ಜನ್ನು ಮುಚ್ಚಿ ಕರೆಂಟು ಬಿಲ್ಲನ್ನು ತೆರೆಯಿತು. ಅಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಗಾಬರಿಯಲ್ಲಿ ಸಾಸಿವೆ ಸುರಿದೆ.

ಸಿಡಿದ ಸಾಸಿವೆಯಲ್ಲಿ ಒಂದು ಕಾಳು ಹಾರಿ, ಕೀಲಿಮಣೆಯ ಮೇಲೆ ಎರಡು ಸಲ ಪುಟಿದು, ಎಫ್ ಕೀಲಿಯ ಸಂದಿಗೆ ಇಳಿಯಿತು. ಬೇರೆ ಯಾವ ಕೀಲಿಯಾಗಿದ್ದರೂ ಕ್ಷಮಿಸುತ್ತಿದ್ದೆ. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ, ಅಂದರೆ ನುಡಿ ತಂತ್ರಾಂಶದಲ್ಲಿ ಟೈಪು ಮಾಡುವ ನಮ್ಮಂಥವರಿಗೆ, ಒತ್ತಕ್ಷರ ಕೊಡುವುದೇ ಎಫ್. ಎಷ್ಟು ಒತ್ತಿದರೂ ಒತ್ತು ಬರಲೊಲ್ಲದು. 'ಅಮ್ಮನ ಗೊಜ್ಜು' ಹುಡುಕಲು ಹೊರಟರೆ 'ಅಮಮನ ಗೊಜಜು' ಎಂದು ಮೂಡಿತು. ಅಂಥದ್ದು ಯಾವುದೂ ಇಲ್ಲವೆಂದು ಲ್ಯಾಪ್‌ಟಾಪು ಪ್ರಾಮಾಣಿಕವಾಗಿ ಹೇಳಿತು. ಪಿನ್ನಿನಿಂದ ಕೆದಕಿದೆ, ಕಾಳು ಇನ್ನಷ್ಟು ಒಳಗೆ ಹೋಯಿತು. ಮಿಕ್ಕಿದ್ದೆಲ್ಲ ಅಂದಾಜಿನಲ್ಲೇ ಹಾಕಿದೆ.

ಹೆಂಡತಿ ಬಂದು ಲ್ಯಾಪ್‌ಟಾಪು ನೋಡಿದಳು. "ರೀ, ಇದಕ್ಕೂ ಒಗ್ಗರಣೆ ಹಾಕಿದ್ರಾ?"

ಇಂಥ ಹೊತ್ತಿನಲ್ಲಿ ಗಂಡಸರು ಇತಿಹಾಸದ ಮೊರೆಹೋಗುತ್ತಾರೆ. "1969ರಲ್ಲೇ ಅಮೆರಿಕದ ನೀಮನ್ ಮಾರ್ಕಸ್ ಅಂಗಡಿ ತನ್ನ ಕ್ಯಾಟಲಾಗಿನಲ್ಲಿ ಹನಿವೆಲ್ ಕಂಪನಿಯ ಅಡುಗೆಮನೆ ಕಂಪ್ಯೂಟರ್ ಮಾರಾಟಕ್ಕಿಟ್ಟಿತ್ತು ಕಣೇ. 10,600 ಡಾಲರ್! ಬಳಸೋದು ಕಲಿಯೋಕೆ ಎರಡು ವಾರದ ಪಾಠ. ತರಕಾರಿ ಹೆಚ್ಚೋ ಮಣೆ ಬೇರೆ ಅದರಲ್ಲೇ ಇತ್ತು."

"ಎಷ್ಟು ಜನ ತಗೊಂಡ್ರು?"

ಒಂದಾದರೂ ಮಾರಾಟವಾದ ದಾಖಲೆಯಿಲ್ಲ ಎಂಬುದನ್ನು ನಾನು ಗೊಜ್ಜು ಕಲಕುತ್ತ ನುಂಗಿಕೊಂಡೆ.

"ಹೋಗ್ಲಿ, ಅದರಲ್ಲಿ ಮಣೆಯಾದ್ರೂ ಇತ್ತಲ್ಲ," ಎಂದು ಸೌಟಿನ ತುದಿಯಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಮುಖ ಹಾಗಲಕಾಯಿಗಿಂತ ಹೆಚ್ಚು ಸುಕ್ಕಾಯಿತು. ಉಪ್ಪು.

ನನ್ನ ಫೋನು ಒಳಗೆಲ್ಲೋ ಚಾರ್ಜಿಗಿತ್ತು. ಲ್ಯಾಪ್‌ಟಾಪಿನಿಂದಲೇ ಅಮ್ಮನಿಗೆ ವಾಟ್ಸಾಪ್ ಕಳಿಸಿದೆ: 'ಅಮಮ, ಗೊಜಜಿಗೆ ಉಪಪು ಜಾಸತಿ, ಏನು ಮಾಡಲಿ?'

ಒಳಗೆ ಫೋನು ಬಡಿದುಕೊಂಡಿತು. ಅಮ್ಮ.

"ಎಷ್ಟು ಸಲ ಹೇಳಿದ್ದೀನಿ, ಆರೋಕೆ ಬಿಡದೆ ರುಚಿ ನೋಡ್ಬೇಡ ಅಂತ? ಎಲ್ಲಿ, ಮೊದ್ಲು ನಾಲಿಗೆಗೆ ತುಪ್ಪ ಸವರ್ಕೋ!"