ಆಕಸ್ಮಿಕ ಜನ್ಮದಿನ ಪ್ರವಾಸ ಮೀಮಾಂಸೆ: ಮೈಸೂರು ಖಂಡ

ನಮ್ಮ ಹಿರಿಯರು ಪ್ರವಾಸವನ್ನು ತೀರ್ಥಯಾತ್ರೆ, ಮದುವೆಗೆ ಹೋಗಿಬರುವುದು, ಆಫೀಸಿನ ಖರ್ಚಿನಲ್ಲಿ ಹೋಗುವುದು ಎಂದು ಮೂರಾಗಿ ವಿಂಗಡಿಸಿ ಕೈತೊಳೆದುಕೊಂಡರು. ಈಚೆಗೆ ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಕಾಣಿಸಿಕೊಂಡಿರುವ ನಾಲ್ಕನೆಯ ಪ್ರಭೇದವೊಂದು ಇನ್ನೂ ಯಾವ ಶಾಸ್ತ್ರಕ್ಕೂ ಸೇರದೆ ಅನಾಥವಾಗಿದೆ. ಅದರ ಲಕ್ಷಣ ಹೀಗೆ: ಮನೆಯವರೊಬ್ಬರ ಹುಟ್ಟುಹಬ್ಬದ ನೆಪದಲ್ಲಿ, ಅವರಿಗೇ ತಿಳಿಯದಂತೆ ಏರ್ಪಾಡಾಗಿ, ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮುಗಿಯುವ, ನಡುವೆ ಒಂದು ನಾಟಕವನ್ನೂ ಕಾಲು ಸೋಲುವಷ್ಟು ಪ್ರೇಕ್ಷಣೀಯ ಸ್ಥಳಗಳನ್ನೂ ಒಳಗೊಂಡ ನಗರಸಂಚಾರ. ಲಕ್ಷಣದಲ್ಲಿ ‘ಅವರಿಗೇ ತಿಳಿಯದಂತೆ’ ಎಂದು ಸೇರಿಸಿರುವುದು ಅತಿವ್ಯಾಪ್ತಿ ದೋಷವನ್ನು ತಪ್ಪಿಸಲು. ಅಂಥದ್ದೊಂದು ಸ್ಥಿತಿ ಲೋಕದಲ್ಲಿ ಎಲ್ಲಾದರೂ ಇದೆಯೇ ಎಂಬುದು ಬೇರೆ ಪ್ರಶ್ನೆ. ಈ ಪ್ರಬಂಧದ ಹೊಟ್ಟೆಪಾಡು ಆ ಪ್ರಶ್ನೆಯಿಂದಲೇ ನಡೆಯತಕ್ಕದ್ದು.

ಏರ್ಪಾಡು ಮಾಡುವಾತನನ್ನು ಇಲ್ಲಿ ಸೂತ್ರಧಾರನೆಂದೂ, ಆಶ್ಚರ್ಯಪಡಬೇಕಾದವರನ್ನು ನಾಯಿಕೆಯೆಂದೂ ಕರೆದಿದೆ. ಅಧ್ಯಯನಕ್ಕೆ ಎತ್ತಿಕೊಂಡ ದೃಷ್ಟಾಂತದಲ್ಲಿ ಸೂತ್ರಧಾರನು ಖಾಸಗಿ ಕಂಪನಿಯೊಂದರ ನೌಕರ, ನಾಯಿಕೆ ಅವನ ಹೆಂಡತಿ, ಸರ್ಕಾರಿ ಕಚೇರಿಯೊಂದರ ಅಧೀಕ್ಷಕಿ. ವಯಸ್ಸು ಐವತ್ತು. ಈ ಕೊನೆಯ ಮಾಹಿತಿಯನ್ನು ನಾಯಿಕೆ ಇನ್ನೂ ಅನುಮೋದಿಸಿಲ್ಲ.

ಪ್ರಥಮ ಸೂತ್ರ: ಮೂರು ಹುಟ್ಟುಹಬ್ಬಗಳಿರುವಲ್ಲಿ ನಾಲ್ಕನೆಯದನ್ನು ಆಚರಿಸತಕ್ಕದ್ದು.

ಭಾಷ್ಯ: ಒಂದು ತಲೆಮಾರಿನ ಕನ್ನಡಿಗರಿಗೆಲ್ಲ ಮೂರು ಜನ್ಮದಿನಗಳುಂಟು. ಮೊದಲನೆಯದು ತಾಯಿ ನೆನಪಿಟ್ಟುಕೊಂಡ ತಿಥಿ. ಅಂದು ದೇವಸ್ಥಾನದಲ್ಲಿ ಅರ್ಚನೆ, ಮನೆಯಲ್ಲಿ ಪಾಯಸ. ಎರಡನೆಯದು ಇಂಗ್ಲಿಷ್ ತಾರೀಖು. ಅಂದು ಮಕ್ಕಳು ಫೋನ್ ಮಾಡುತ್ತಾರೆ. ಮೂರನೆಯದು, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಹುಡುಗಿಯ ಎತ್ತರ ನೋಡಿ ದಯಪಾಲಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಕ ಸೇವಾ ಪುಸ್ತಕಕ್ಕೆ ಏರಿದ್ದು. ಅಂದು ಬ್ಯಾಂಕಿನವರು ಶುಭಾಶಯ ಕಳಿಸುತ್ತಾರೆ, ನಿವೃತ್ತಿಯೂ ಅದರ ಪ್ರಕಾರವೇ. ಇವುಗಳಲ್ಲಿ ಯಾವುದೂ ಶನಿವಾರ ಬೀಳುವುದಿಲ್ಲ. ಆದ್ದರಿಂದ ಮೂರಕ್ಕೂ ಹತ್ತಿರವಲ್ಲದ ಒಂದು ವಾರಾಂತ್ಯವನ್ನು ಹಿಡಿಯುವುದು ಶಾಸ್ತ್ರಸಮ್ಮತ. ಇದರಿಂದ ಗುಟ್ಟಿಗೂ ಬಲ ಬರುತ್ತದೆಂದು ಸೂತ್ರಧಾರ ನಂಬುತ್ತಾನೆ. ನಂಬಿಕೊಳ್ಳಲಿ.

ದ್ವಿತೀಯ ಸೂತ್ರ: ಗುಟ್ಟು ಬಾಯಿಂದ ಒಡೆಯದು, ಹಾಲಿನ ಪ್ಯಾಕೆಟ್ಟಿನಿಂದ ಒಡೆಯುತ್ತದೆ.

ಭಾಷ್ಯ: ಎರಡು ದಿನ ಮನೆಯನ್ನು ನಿಲ್ಲಿಸಬೇಕಾದರೆ ಅದನ್ನು ನಡೆಸುತ್ತಿರುವವರಿಗೆ ತಿಳಿಸದೆ ಆಗದು. ನಡೆಸುತ್ತಿರುವವಳು ನಾಯಿಕೆಯೇ. ಹಾಲು ಬೇಡ ಎನ್ನಬೇಕು, ಕೆಲಸದವಳಿಗೆ ಬರಬೇಡ ಎನ್ನಬೇಕು, ತುಳಸಿಗೆ ನೀರು ಹಾಕಲು ಎದುರು ಮನೆಯವರಿಗೆ ಹೇಳಬೇಕು, ಅತ್ತೆಯವರ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ಹುಡುಕಬೇಕು. ಮಾತ್ರೆಯ ಡಬ್ಬಿ ಎಲ್ಲಿದೆ ಎಂದು ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಕೇಳಿದ ಗಂಡನ ಬಗ್ಗೆ ಹೆಂಡತಿಗೆ ಎರಡೇ ಅನುಮಾನ ಹುಟ್ಟಲು ಸಾಧ್ಯ. ಎರಡನೆಯದು ಪ್ರವಾಸ.

ಜ್ಞಾನ ಹುಟ್ಟುವ ಬಗೆಗಳನ್ನು ನಮ್ಮ ದಾರ್ಶನಿಕರು ಪ್ರಮಾಣಗಳೆಂದು ಕರೆದಿದ್ದಾರೆ. ನಾಯಿಕೆ ಅವುಗಳಲ್ಲಿ ಯಾವುದನ್ನೂ ಬಿಟ್ಟಿಲ್ಲ. ಅಟ್ಟದ ಮೇಲಿದ್ದ ಸೂಟ್‌ಕೇಸಿನ ಧೂಳು ಒರೆಸಿರುವುದು ಪ್ರತ್ಯಕ್ಷ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಎಲ್ಲೆಲ್ಲಿ ಗುರುವಾರವೇ ಇಸ್ತ್ರಿ ಅಂಗಿಯೋ ಅಲ್ಲಲ್ಲಿ ಶನಿವಾರದ ರೈಲು, ಇದು ಅನುಮಾನ. ‘ಮೈಸೂರಲ್ಲಿ ಛಳಿ ಇರತ್ತಾ ಆಂಟಿ?’ ಎಂದು ಎದುರು ಮನೆಯ ಹುಡುಗಿ ಕೇಳಿದ್ದು ಶಬ್ದ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅನುಪಲಬ್ಧಿ, ಅಂದರೆ ಇಲ್ಲದಿರುವುದರಿಂದ ತಿಳಿಯುವುದು: ಶನಿವಾರ ತಿಂಡಿಗೇನು ಎಂದು ಸೂತ್ರಧಾರ ಕೇಳಲಿಲ್ಲ. ಅಲ್ಲಿಗೆ ಮುಗಿಯಿತು.

ಹಾಗಾದರೆ ಇಡೀ ಪ್ರಭೇದವೇ ಸುಳ್ಳಾಯಿತಲ್ಲ ಎಂದು ಪೂರ್ವಪಕ್ಷದವರು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಅವರ ವಾದ ಮೇಲ್ನೋಟಕ್ಕೆ ಗಟ್ಟಿ. ಭರತನ ನಾಟ್ಯಶಾಸ್ತ್ರದ ಪ್ರಕಾರ ಅದ್ಭುತ ರಸಕ್ಕೆ ವಿಸ್ಮಯವೇ ಸ್ಥಾಯಿಭಾವ. ಮೊದಲೇ ಗೊತ್ತಿದ್ದವಳಿಗೆ ವಿಸ್ಮಯ ಎಲ್ಲಿಂದ ಬರಬೇಕು? ವಿಸ್ಮಯವಿಲ್ಲದ ಮೇಲೆ ರಸವೆಲ್ಲಿ, ಹೋಟೆಲಿನ ಮುಂಗಡಕ್ಕೆ ಸಾರ್ಥಕ್ಯವೆಲ್ಲಿ?

ಸಮಾಧಾನ: ಪೂರ್ವಪಕ್ಷದವರು ಒಂದು ರಾತ್ರಿಯೂ ಬಯಲಾಟ ನೋಡಿದವರಲ್ಲ. ಕೀಚಕ ಸಾಯುತ್ತಾನೆಂದು ಪ್ರೇಕ್ಷಕನಿಗೆ ಗೊತ್ತು, ಪಕ್ಕದಲ್ಲಿ ನಿದ್ದೆಹೋಗಿರುವ ಮಗುವಿಗೂ ಗೊತ್ತು, ಕೀಚಕನ ವೇಷ ಕಟ್ಟಿದವನಿಗಂತೂ ಚೆನ್ನಾಗಿಯೇ ಗೊತ್ತು. ಆದರೂ ಭೀಮ ಸೀರೆ ಉಟ್ಟು ಕತ್ತಲಲ್ಲಿ ಕೂತಾಗ ಸಭೆಗೆ ಸಭೆಯೇ ಉಸಿರು ಹಿಡಿಯುತ್ತದೆ. ಕಥೆ ತಿಳಿದಿರುವುದು ರಸಕ್ಕೆ ವಿಘ್ನವಲ್ಲ. ಆದರೆ ಇದರಿಂದ ಸೂತ್ರಧಾರನಿಗೆ ತುಸು ನೋವಾಗುವ ಸಿದ್ಧಾಂತವೊಂದು ಹೊರಡುತ್ತದೆ. ಆಕಸ್ಮಿಕ ಜನ್ಮದಿನ ಪ್ರವಾಸದಲ್ಲಿ ನಟಿ ನಾಯಿಕೆ, ಪ್ರೇಕ್ಷಕ ಸೂತ್ರಧಾರ. ಶನಿವಾರ ಬೆಳಿಗ್ಗೆ ಆರು ಗಂಟೆಗೆ ‘ಏಳು, ರೆಡಿಯಾಗು, ಎಲ್ಲಿಗೆ ಅಂತ ಕೇಳಬೇಡ’ ಎಂದವನ ಮುಂದೆ, ಹಿಂದಿನ ರಾತ್ರಿಯೇ ಸ್ವೆಟರ್ ಮಡಿಸಿಟ್ಟುಕೊಂಡಿದ್ದವಳು ಕಣ್ಣರಳಿಸಿ ‘ಅಯ್ಯೋ, ಎಲ್ಲಿಗ್ರೀ!’ ಎನ್ನುತ್ತಾಳಲ್ಲ, ರಸವಿರುವುದು ಅಲ್ಲಿ. ಭರತನು ಅದ್ಭುತಕ್ಕೆ ಹೇಳಿದ ಅನುಭಾವಗಳಲ್ಲಿ ಕಣ್ಣರಳಿಸುವುದು, ರೆಪ್ಪೆ ಮಿಟುಕಿಸದೆ ನೋಡುವುದು, ರೋಮಾಂಚ, ಕಣ್ಣೀರು, ‘ಭಲೆ’ ಎನ್ನುವುದು ಇವೆಲ್ಲ ಬರುತ್ತವೆ. ದೃಷ್ಟಾಂತದ ನಾಯಿಕೆ ಹಾಸಿಗೆಯಿಂದೇಳುವ ಮೊದಲೇ ಇವುಗಳಲ್ಲಿ ಮೂರನ್ನು ತೋರಿಸಿದಳು. ರೋಮಾಂಚ ತೋರಿಸಲಿಲ್ಲ, ಸ್ವೆಟರಿನ ತೋಳು ಅಡ್ಡ ಬಂತು.

ತೃತೀಯ ಸೂತ್ರ: ಸ್ಥಳವು ಮೈಸೂರೇ.

ಗೋವಾ, ಸಿಂಗಪುರ ಎನ್ನುವ ಪಂಥಗಳನ್ನು ಇಲ್ಲಿ ಖಂಡಿಸುವ ಅಗತ್ಯವಿಲ್ಲ. ಬ್ಯಾಂಕ್ ಪಾಸ್‌ಬುಕ್ಕೇ ಖಂಡಿಸಿದೆ. ಶಾಸ್ತ್ರೀಯ ಕಾರಣ ಬೇರೆಯದು. ಭರತನು ಅದ್ಭುತ ರಸದ ವಿಭಾವಗಳನ್ನು ಎಣಿಸುವಾಗ ದಿವ್ಯರ ದರ್ಶನ, ಬಯಸಿದ್ದು ಕೈಗೂಡುವುದು, ಉಪವನಗಳಿಗೆ, ದೇವಾಲಯಗಳಿಗೆ ಹೋಗುವುದು, ಸಭಾಮಂಟಪ, ಇಂದ್ರಜಾಲ ಇವನ್ನೆಲ್ಲ ಹೇಳುತ್ತಾನೆ. ಉಪವನಕ್ಕೆ ಬೃಂದಾವನ, ದೇವಾಲಯಕ್ಕೆ ಚಾಮುಂಡಿ ಬೆಟ್ಟ, ಸಭಾಮಂಟಪಕ್ಕೆ ಅರಮನೆಯ ಅಂಬಾವಿಲಾಸ, ಇಂದ್ರಜಾಲಕ್ಕೆ ಅದೇ ಅರಮನೆಯ ಭಾನುವಾರದ ದೀಪ. ಭರತಮುನಿ ಮೈಸೂರಿನ ಪ್ರವಾಸೋದ್ಯಮ ಇಲಾಖೆಯಲ್ಲಿದ್ದನೆಂದು ವಾದಿಸುವಷ್ಟು ಧೈರ್ಯ ಈ ಪ್ರಬಂಧಕ್ಕಿಲ್ಲ, ಆದರೆ ಪಟ್ಟಿ ಅವನದೇ.

ದಾರಿಯ ವಿಚಾರ. 2023ರಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ದಶಪಥವು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗೆ ಸರಿಸಿಬಿಟ್ಟಿದೆ. ಸಮಯ ಉಳಿಯಿತು, ವಡೆ ಹೋಯಿತು. ಆದ್ದರಿಂದ ರಸದೃಷ್ಟಿಯಿಂದ ರೈಲೇ ಉತ್ತಮ. ರೈಲಿನಲ್ಲಿ ಗುಟ್ಟನ್ನು ಕೆಂಗೇರಿಯ ತನಕ ಕಾಯಬಹುದು. ಆಮೇಲೆ ‘ವಡೆ ವಡೆ ಮದ್ದೂರ್ ವಡೇ’ ಎಂದು ಕೂಗಿಕೊಂಡು ಬರುವವನ ಎದುರು ಯಾವ ಸೂತ್ರಧಾರನೂ ಇದು ಹುಬ್ಬಳ್ಳಿಗೆ ಹೋಗುವ ಗಾಡಿ ಎಂದು ಸಾಧಿಸಲಾರ. ಇಲ್ಲಿ ನಾಯಿಕೆ ‘ಮೈಸೂರಾ!’ ಎನ್ನಬೇಕು. ಅಂದಳು. ಎರಡು ಪ್ಲೇಟ್ ವಡೆ ತೆಗೆದುಕೊಂಡ ಮೇಲೆ ಅಂದಳು.

ಅರಮನೆಯನ್ನು ಎಲ್ಲರೂ ನೋಡಿದ್ದಾರೆ, ಚಪ್ಪಲಿ ಬಿಟ್ಟ ಜಾಗ ಮರೆತು ಅಲೆದಿದ್ದಾರೆ. ಆದರೆ ನಮ್ಮ ವಿಷಯಕ್ಕೆ ಅದು ಎಷ್ಟು ಪ್ರಸ್ತುತ ಎಂಬುದನ್ನು ಗೈಡುಗಳು ಹೇಳುವುದಿಲ್ಲ. ಮರದ ಹಳೆಯ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಡಗರದ ನಡುವೆಯೇ ಬೆಂಕಿಗೆ ಸಿಕ್ಕಿತು. ಕುಟುಂಬದ ಸಮಾರಂಭದಲ್ಲಿ ಅನಿರೀಕ್ಷಿತವಾದದ್ದು ಘಟಿಸುವುದಕ್ಕೆ ಮೈಸೂರು ಪ್ರಾಂತದಲ್ಲಿ ಇದಕ್ಕಿಂತ ದೊಡ್ಡ ಪೂರ್ವನಿದರ್ಶನ ಸಿಗದು. ಆಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ನಕ್ಷೆ ಹಾಕಿ, 1912ರ ಹೊತ್ತಿಗೆ 41 ಲಕ್ಷಕ್ಕೂ ಮಿಕ್ಕಿ ಖರ್ಚಾಗಿ, ಈಗಿನದು ಎದ್ದು ನಿಂತಿತು. ಆ ದುಡ್ಡಿಗೆ ಇವತ್ತು ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟು ಬರುವುದಿಲ್ಲ ಎಂದು ಸೂತ್ರಧಾರ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಕೆಳಗೆ ನಿಂತು ಉದ್ಗರಿಸಿದ. ಪ್ರತಿ ಗುಂಪಿನಲ್ಲೂ ಒಬ್ಬ ಗಂಡಸು ಅದೇ ಜಾಗದಲ್ಲಿ ಅದನ್ನೇ ಹೇಳುತ್ತಾನೆ.

ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಅದೇ ಗಂಡಸು ‘ರವಿವರ್ಮ’ ಎನ್ನುತ್ತಾನೆ. ಅದು ಎಸ್. ಎಲ್. ಹಲ್ದಣಕರ್ ಅವರ ಜಲವರ್ಣ, ಅವರ ಮಗಳೇ ದೀಪ ಹಿಡಿದು ನಿಂತದ್ದು. ತಿದ್ದಬಾರದು. ಹುಟ್ಟುಹಬ್ಬದ ಪ್ರವಾಸದಲ್ಲಿ ಗಂಡನನ್ನು ತಿದ್ದದಿರುವುದು ಹೆಂಡತಿ ಕೊಡುವ ಉಡುಗೊರೆ. ಬೆಟ್ಟದ ವಿಷಯದಲ್ಲಿ ಮಾತ್ರ ತಿದ್ದಲೇಬೇಕು. ಸಾವಿರ ಮೆಟ್ಟಿಲನ್ನೂ ಹತ್ತಿಸಿ ‘ಸರ್‌ಪ್ರೈಸ್’ ಎನ್ನುವುದು ಐವತ್ತರ ಮಂಡಿಯ ವಿರುದ್ಧ ಎಸಗುವ ಅಪರಾಧ. ಹದಿನೇಳನೇ ಶತಮಾನದಲ್ಲಿ ಮೆಟ್ಟಿಲು ಕಟ್ಟಿಸಿದ ದೊಡ್ಡದೇವರಾಜ ಒಡೆಯರು ಮುಕ್ಕಾಲು ದಾರಿಯ ಸುಮಾರಿಗೆ ಅಷ್ಟು ದೊಡ್ಡ ನಂದಿಯನ್ನು ಕೂರಿಸಿದ್ದು, ಇಲ್ಲಿಗೇ ಸಾಕು, ನೀವೂ ಕೂತುಕೊಳ್ಳಿ ಎಂದು ತೋರಿಸುವುದಕ್ಕೇ ಇರಬೇಕು.

ಚತುರ್ಥ ಸೂತ್ರ: ಹೆಂಡತಿಯ ಹುಟ್ಟುಹಬ್ಬಕ್ಕೆ ಗಂಡ ನಿಶ್ಚಿಂತೆಯಿಂದ ತೋರಿಸಬಹುದಾದ ಕನ್ನಡ ನಾಟಕ ಇನ್ನೂ ಬರೆಯಲ್ಪಟ್ಟಿಲ್ಲ.

ಭಾಷ್ಯ ಇಲ್ಲಿ ದೀರ್ಘವಾಗುವುದು ಅನಿವಾರ್ಯ. ಐವತ್ತು ತುಂಬಿದವಳಿಗೆ ಗಿರೀಶ ಕಾರ್ನಾಡರ ‘ಯಯಾತಿ’ ತೋರಿಸೋಣವೆಂದರೆ, ಅದು ಮುಪ್ಪನ್ನು ಯಾರ ತಲೆಗೆ ಕಟ್ಟುವುದು ಎಂಬುದರ ಸುತ್ತಲೇ ಸುತ್ತುತ್ತದೆ. ‘ಹಯವದನ’ದ ಪದ್ಮಿನಿಗೆ ಒಬ್ಬನ ತಲೆ, ಇನ್ನೊಬ್ಬನ ಮೈ ಬೇಕು, ನಾಟಕ ಮುಗಿದು ಆಟೋದಲ್ಲಿ ಕೂತಾಗ ನಾಯಿಕೆ ಸೂತ್ರಧಾರನ ಹೊಟ್ಟೆಯ ಕಡೆ ಒಂದು ಕ್ಷಣ ನೋಡಿದರೂ ಸಾಕು, ವಾರಾಂತ್ಯ ಕೆಟ್ಟಿತು. ‘ನಾಗಮಂಡಲ’ದ ಗಂಡ ಹೆಂಡತಿಯನ್ನು ಮನೆಯಲ್ಲಿ ಬೀಗ ಹಾಕಿಟ್ಟು ಹೋಗುತ್ತಾನೆ, ಊಟಕ್ಕೆ ಮಾತ್ರ ಬರುತ್ತಾನೆ. ಇದನ್ನು ನೋಡುವಾಗ ಪ್ರೇಕ್ಷಾಗೃಹದ ಅರ್ಧ ಭಾಗ ಇನ್ನರ್ಧ ಭಾಗದ ಕಡೆ ತಿರುಗುತ್ತದೆ. ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ತೋರಿಸಿದರೆ ಮನೆಯಲ್ಲಿ ಮುಂದೆ ಪಡವಲಕಾಯಿ ಪಲ್ಯ ಮಾಡುವಂತಿಲ್ಲ. ಹಳಬರೇ ಕ್ಷೇಮವೆಂದುಕೊಂಡರೆ, ಇದೇ ಮೈಸೂರಿನ ಆಸ್ಥಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಒಥೆಲೋವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದಿದ್ದಾರೆ. ಕರವಸ್ತ್ರ ಕಳೆದದ್ದಕ್ಕೆ ಹೆಂಡತಿಯ ಪ್ರಾಣ ಹೋಗುವ ಕಥೆ ಉಡುಗೊರೆಯಾಗುವುದು ಹೇಗೆ? ‘ಶಾಕುಂತಲ’ವನ್ನೂ ಅವರೇ ಕನ್ನಡಿಸಿದರು; ಅದರಲ್ಲಿ ಗಂಡನಿಗೆ ಹೆಂಡತಿಯೇ ನೆನಪಿಲ್ಲ, ಹುಟ್ಟುಹಬ್ಬದ ಮಾತು ಹಾಗಿರಲಿ.

ಮೈಸೂರಿನ ರಂಗಾಯಣದ ಮಹತ್ವವೇನೂ ಇದರಿಂದ ಕುಂದದು. 1989ರಲ್ಲಿ ಬಿ. ವಿ. ಕಾರಂತರ ನಿರ್ದೇಶಕತ್ವದಲ್ಲಿ ಕಣ್ಣುಬಿಟ್ಟ ಈ ರೆಪರ್ಟರಿ, 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ಕೈಯಲ್ಲಿ ರಾತ್ರಿಯಿಡೀ ನಡೆಯುವ ನಾಟಕವಾಗಿಸಿ, ಪ್ರೇಕ್ಷಕರನ್ನು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಕಂಬಳಿಸಮೇತ ನಡೆಸಿತು. ಹೋಟೆಲ್ ರೂಮಿನ ಬಾಡಿಗೆ ಉಳಿಸುವ ದೃಷ್ಟಿಯಿಂದ ಇದಕ್ಕೆ ಸಮನಾದ ಪ್ರಯೋಗ ಜಗತ್ತಿನಲ್ಲಿ ಅಪರೂಪ. ವಾರಾಂತ್ಯದ ಪ್ರದರ್ಶನ ಮಾತ್ರ ಅಷ್ಟು ಉದ್ದವಲ್ಲ: ಭಾನುವಾರ ಸಂಜೆ ಆರೂವರೆಗೆ, ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ.

ಈ ಆರೂವರೆಯಿಂದಲೇ ಶಾಸ್ತ್ರದ ಮಹಾಸಂಕಟ ಶುರುವಾಗುವುದು. ಅರಮನೆಯ ಒಂದು ಲಕ್ಷದ ಹತ್ತಿರದಷ್ಟು ದೀಪಗಳು ಬೆಳಗುವುದೂ ಭಾನುವಾರವೇ, ಸಂಜೆ ಏಳಕ್ಕೆ. ಒಂದು ಗಂಟೆಯೂ ಉರಿಯದೆ ಆರುತ್ತವೆ. ನಾಟಕ ನೋಡಿದರೆ ದೀಪವಿಲ್ಲ, ದೀಪ ನೋಡಿದರೆ ನಾಟಕವಿಲ್ಲ. ದೀಪಪಂಥದವರು, ನಾಟಕ ಬೆಂಗಳೂರಿನಲ್ಲೂ ಇದೆ, ಅರಮನೆ ಇಲ್ಲ ಎನ್ನುತ್ತಾರೆ. ನಾಟಕಪಂಥದವರು, ಅರಮನೆಯ ದೀಪ ಪ್ರತಿ ಕ್ಯಾಲೆಂಡರಿನಲ್ಲೂ ಇದೆ ಎನ್ನುತ್ತಾರೆ. ನಾಟಕದ ಮಧ್ಯೆ ಎದ್ದು ಓಡಿಹೋಗಿ ದೀಪ ನೋಡಬಹುದೆನ್ನುವ ಸಮನ್ವಯ ಪಂಥವೊಂದಿದೆ. ಮುಂದಿನ ಸಾಲಿನಿಂದ ಎದ್ದುಹೋಗುವವರ ಬೆನ್ನನ್ನು ನಟರು ಹೇಗೆ ನೋಡುತ್ತಾರೆಂದು ಬಲ್ಲವರು ಆ ಪಂಥಕ್ಕೆ ಸೇರುವುದಿಲ್ಲ.

ದೃಷ್ಟಾಂತದ ಸೂತ್ರಧಾರ ಈ ಸಂಕಟವನ್ನು ಶನಿವಾರ ರಾತ್ರಿ ಊಟದ ಹೊತ್ತಿನಲ್ಲಿ, ಮಸಾಲೆ ದೋಸೆಯ ಮುಂದೆ, ಹಣೆ ಒರೆಸಿಕೊಳ್ಳುತ್ತ ಬಯಲುಮಾಡಿದ. ಯಾವುದಾದರೂ ಒಂದನ್ನು ಬಿಡಬೇಕಲ್ಲ ಎಂದ. ನಾಯಿಕೆ ಚಟ್ನಿಯ ಬಟ್ಟಲನ್ನು ಅವನ ಕಡೆ ಸರಿಸಿದಳು.

‘ನಾಳೆ ನಾಟಕ ನೋಡೋಣ. ದೀಪ ನಾಡಿದ್ದು.’

‘ನಾಡಿದ್ದು ಸೋಮವಾರ.’

‘ಸೋಮವಾರ ಕನಕ ಜಯಂತಿ. ಭಾನುವಾರ ಮಾತ್ರ ಅಲ್ಲ, ಸರ್ಕಾರಿ ರಜೆ ದಿನಾನೂ ದೀಪ ಹಾಕ್ತಾರೆ. ನಿಮ್ಮ ಕಂಪನಿಗೆ ರಜ ಇಲ್ಲ ಅಂತ ಹೋದ ವಾರಾನೇ ನಿಮ್ಮ ಮೇನೇಜರ್‌ಗೆ ನಿಮ್ಮ ಫೋನಿಂದ ಮೆಸೇಜ್ ಹಾಕಿದ್ದೆ. ಕೊಟ್ಟಿದಾರೆ. ರೂಮೂ ಒಂದು ದಿನ ಜಾಸ್ತಿ ಹೇಳಿದೀನಿ, ವಾಪಸ್ ಟಿಕೆಟ್ ಮಂಗಳವಾರ ಬೆಳಿಗ್ಗೇದು. ಸೋಮವಾರ ಹಗಲೆಲ್ಲ ಸುಮ್ಮನೆ ಕೂರೋದ್ಯಾಕೆ, ಸಿಲ್ಕ್ ಫ್ಯಾಕ್ಟರಿ ಕಡೆ ಹೋಗೋಣ. ನಿಮ್ಮ ಕಾರ್ಡ್ ತಂದಿದೀರಲ್ಲ?’

ಸಾತ್ವಿಕ ಭಾವಗಳು ಎಂಟು. ಅವುಗಳಲ್ಲಿ ಸ್ತಂಭ, ಸ್ವೇದ, ವೈವರ್ಣ್ಯ, ಸ್ವರಭೇದಗಳು ಸೂತ್ರಧಾರನಲ್ಲಿ ಈ ಸಂದರ್ಭದಲ್ಲಿ ಒಟ್ಟಿಗೆ ಕಾಣಿಸಿಕೊಂಡವು. ಪಕ್ಕದ ಮೇಜಿನವರ ಸಾಕ್ಷ್ಯದಂತೆ, ಇದರಲ್ಲಿ ಅಭಿನಯವೇನೂ ಇರಲಿಲ್ಲ.