ಓನರಮ್ಮ ಪಂಥ: ಕುಂಬಾರಕೊಪ್ಪಲಿನ ಕ್ಷೇತ್ರಕಾರ್ಯ ವಿಧಾನಗಳು

1. ಕ್ಷೇತ್ರಪ್ರವೇಶ: ಜನರ ನಡುವೆ ಬದುಕಿ ಜನರನ್ನು ಅರಿಯಲು ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಹೋಗಿ ಗುಡಾರ ಹೂಡಬೇಕಾಯಿತು. ಕುಂಬಾರಕೊಪ್ಪಲಿನ ಓನರಮ್ಮ ಗೇಟು ದಾಟುವುದಿಲ್ಲ; ಟು-ಲೆಟ್ ಬೋರ್ಡು ನೋಡಿಕೊಂಡು ದ್ವೀಪವಾಸಿಗಳೇ ಬರುತ್ತಾರೆ. ಮೈಸೂರು ಬೆಳೆದು ಈ ಹಳ್ಳಿಯನ್ನು ಒಳಗೆ ಹಾಕಿಕೊಂಡ ಮೇಲೆ ಕ್ಷೇತ್ರಕ್ಕೇನೂ ಬರವಿಲ್ಲ.

2. ಸಂದರ್ಶನ: "ಯಾವೂರಪ್ಪ ನಿಮ್ದು?" "ಎಲ್ಲಿ ಕೆಲ್ಸ?" "ಎಷ್ಟ್ ಜನ ಇರ್ತೀರಾ?" ಕೊನೆಗೆ, ಬಹಳ ಹಗುರಾಗಿ, "ವೆಜ್ಜಾ, ನಾನ್‌ವೆಜ್ಜಾ?" ಇದು ಊಟದ ಪ್ರಶ್ನೆಯೆಂದು ನಂಬುವವರು ಶಾಸ್ತ್ರ ಓದಿದವರಲ್ಲ. ಭಾನುವಾರ ತಪ್ಪದೆ ಮಟನ್ ಬೇಯಿಸುವ ಓನರಮ್ಮನೂ ಇದನ್ನು ಕೇಳುತ್ತಾರೆ.

3. ದಟ್ಟ ವಿವರಣೆ: ಕಣ್ಣು ಅದುರುವುದೇ ಬೇರೆ, ಕಣ್ಣು ಹೊಡೆಯುವುದೇ ಬೇರೆ ಎಂದು ವಿವರಿಸಿ ಕ್ಲಿಫರ್ಡ್ ಗೀರ್ಟ್ಸ್ 1973ರಲ್ಲಿ ಹೆಸರಾದರು. ಬಾಡಿಗೆಮನೆಯ ಕಿಟಕಿ ಮುಚ್ಚಿದ್ದು ಸೊಳ್ಳೆಗೋ ಮೀನಿನ ವಾಸನೆಗೋ ಎಂಬುದನ್ನು ಓನರಮ್ಮ ಮಹಡಿ ಮೆಟ್ಟಿಲಿನಲ್ಲೇ ನಿಂತು ತೀರ್ಮಾನಿಸುತ್ತಾರೆ.

4. ಟಿಪ್ಪಣಿ ಮತ್ತು ಗೋಪ್ಯತೆ: ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ತಾವು ಅಧ್ಯಯನ ಮಾಡಿದ ಹಳ್ಳಿಯ ನಿಜನಾಮ ಮರೆಸಿ 'ರಾಂಪುರ' ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ನೆನಪನ್ನು ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಬಂತು. ಓನರಮ್ಮ ಪಂಥದಲ್ಲಿ ಟಿಪ್ಪಣಿಯೇ ಇಲ್ಲ, ಸುಡುವ ಭಯವೂ ಇಲ್ಲ. ಮರೆಹೆಸರಿನ ಕಟ್ಟುಪಾಡೂ ಇಲ್ಲ: ಹೆಸರು, ತಂದೆಯ ಹೆಸರು, ಸಂಬಳ ಎಲ್ಲವೂ ಮರುದಿನ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಪ್ರಕಟವಾಗುತ್ತವೆ. ತಜ್ಞರ ಪರಿಶೀಲನೆಯೂ ಅಲ್ಲೇ ನಡೆಯುತ್ತದೆ.

5. ವರ್ಗೀಕರಣ: 1985ರಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ ಕೈಗೊಂಡ 'ಪೀಪಲ್ ಆಫ್ ಇಂಡಿಯಾ' ಯೋಜನೆ ದೇಶದ 4,635 ಸಮುದಾಯಗಳನ್ನು ಅಧ್ಯಯನ ಮಾಡಿತು. ಈ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದ್ದರೂ ಓನರಮ್ಮನನ್ನು ಯಾರೂ ಕೇಳಿದಂತಿಲ್ಲ. ಕೇಳಿದ್ದರೆ ಎರಡೇ ಸಮುದಾಯಗಳಲ್ಲಿ ಕೆಲಸ ಮುಗಿಯುತ್ತಿತ್ತು: ಮನೆ ಕೊಡಬಹುದಾದವರು, ಕೊಡಬಾರದವರು.

6. ಆತ್ಮಾವಲೋಕನ: ಸಂಶೋಧಕರು ತಮ್ಮ ಸ್ಥಾನವನ್ನೂ ಪ್ರಶ್ನೆಗೆ ಒಡ್ಡಿಕೊಳ್ಳಬೇಕೆಂದು ಇತ್ತೀಚಿನ ವಿದ್ವಾಂಸರು ಒತ್ತಾಯಿಸುತ್ತಾರೆ. ಈ ಪಂಥ ಅದನ್ನು ಇನ್ನೂ ಒಪ್ಪಿಲ್ಲ. "ಅಮ್ಮಾ, ನಿಮ್ದು ಯಾವ ಜನ?" ಎಂದು ಮಾಹಿತಿದಾರ ತಿರುಗಿ ಕೇಳಿದರೆ, "ಅಯ್ಯೋ, ನಮ್ ತಮ್ಮನ್ ಮಗಾನೇ ಬರ್ತಾವ್ನಂತೆ ಕಣಪ್ಪ, ಮನೆ ಆಗೋಯ್ತು" ಎನ್ನುವಲ್ಲಿಗೆ ಸಂದರ್ಶನ ಮುಗಿಯುತ್ತದೆ. ಬೋರ್ಡು ಮಾತ್ರ ಇಳಿಯುವುದಿಲ್ಲ. ಸಂಶೋಧನೆ ಮುಂದುವರಿಯಬೇಕಲ್ಲ!