ಶನಿವಾರದ ಮಾಲೀಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಈಚೆಗೆ ಹೇರಳವಾಗಿ ಕಾಣಸಿಗುವ ‘ಶನಿವಾರದ ಮಾಲೀಕ’ನೆಂದರೆ, ವಾರದ ಐದು ದಿನ ಪುಣೆಯ ಇಲ್ಲವೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ದುಡಿದು, ಉಳಿದೆರಡು ದಿನ ತನ್ನದೇ ಕಂಪನಿಯ ಸಂಸ್ಥಾಪಕನಾಗುವ ತರುಣ. ಅಥಣಿಯವನಾದರೆ ಕೊಲ್ಹಾಪುರಿ ಚಪ್ಪಲಿಯನ್ನು ಆನ್‌ಲೈನ್ ಮಾರುವ, ನಿಪ್ಪಾಣಿಯವನಾದರೆ ತಂಬಾಕಿನ ದರ ತಿಳಿಸುವ ಯೋಜನೆ ಅವನಲ್ಲಿರುತ್ತದೆ, ಉಳಿದವರದ್ದೆಲ್ಲ ಕಬ್ಬು.

ಕಬ್ಬಿನ ಆಪ್‌ನ ತರ್ಕ ನಿರ್ದೋಷವಾದದ್ದು. ಕಡಿದ ಕಬ್ಬು ತಡವಾದಷ್ಟೂ ಒಣಗಿ ತೂಕ ಕಳೆದುಕೊಳ್ಳುವುದರಿಂದಲೂ, ನಿಂತ ಕಬ್ಬು ಹಂಗಾಮಿನೊಳಗೆ, ಅಂದರೆ ಕಾರ್ಖಾನೆ ನುರಿಸುವ ತಿಂಗಳುಗಳಲ್ಲೇ, ಹೋಗಬೇಕಾದ್ದರಿಂದಲೂ, ಯಾವ ಹೊಲಕ್ಕೆ ಯಾವ ಟೋಳಿ, ಅಂದರೆ ಕಡಿಯುವವರ ತಂಡ, ಎಂದು ಬರುವುದೆಂಬುದನ್ನು ಮೊಬೈಲೇ ಹೇಳಿದರೆ ರೈತನ ಅಲೆದಾಟ ತಪ್ಪೀತು. ಈ ತರ್ಕದಲ್ಲಿ ಸೇರದೆ ಉಳಿದವನು ಫೀಲ್ಡ್‌ಮನ್ ಒಬ್ಬನೇ. ಕಾರ್ಖಾನೆಯ ಪರವಾಗಿ ಕಬ್ಬು ನೋಂದಾಯಿಸಿ ಕಟಾವಿನ ಪಾಳಿ ಹಚ್ಚುವವನು ಅವನು.

ಮಾಲೀಕನ ಭಯವಿರುವುದು ಬೇರೆಡೆ. ನೌಕರಿಯ ಭಾಗವಾಗಿ ಬರೆದ ಕೃತಿಗೆ, ಬೇರೆ ಕರಾರಿಲ್ಲದಿದ್ದರೆ, ಕೆಲಸ ಕೊಟ್ಟವನೇ ಮೊದಲ ಒಡೆಯನೆನ್ನುವ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮನ್ನು ಎಲ್ಲೋ ಓದಿದಂದಿನಿಂದ ಆತ ಎರಡು ಲ್ಯಾಪ್‌ಟಾಪ್ ಸಾಕುತ್ತಾನೆ, ಸಂಸ್ಥೆಯನ್ನು ತಾಯಿಯ ಹೆಸರಿಗೆ ಮಾಡಿಸುತ್ತಾನೆ. ರೊಟ್ಟಿ ಬಡಿಯುತ್ತಲೇ ನಿರ್ದೇಶಕಿಯಾದ ಆಕೆಯ ಆಡಳಿತವೆಲ್ಲ ಫೋನಿಗೆ ಬಂದ ಓಟಿಪಿಯನ್ನು ಓದಿ ಹೇಳುವುದರಲ್ಲಿ ಮುಗಿಯುತ್ತದೆ. ಬಳಸುವವರೇ ಇಲ್ಲದ ಸರಕನ್ನು ಕಸಿದುಕೊಳ್ಳಲು ಯಾವ ಕಂಪನಿಯೂ ವಕೀಲರಿಗೆ ದುಡ್ಡು ಸುರಿಯುವುದಿಲ್ಲವೆಂದು ಆತನಿಗೆ ಹೇಳುವುದು ಕ್ರೌರ್ಯವಾದೀತು.

ಧೈರ್ಯಕ್ಕೆ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರಿದ್ದಾರೆ. ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಅವರು ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಲೇ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು, ಅಣ್ಣ ರಾಮುಅಣ್ಣ ಅವನ್ನು ಮಾರುತ್ತಿದ್ದರು ಎಂಬ ಭಾಗ ಆತನಿಗೆ ಕಂಠಪಾಠ. ಬಡ್ತಿ ತಪ್ಪಿದಾಗ ಅವರು ನೌಕರಿಯನ್ನೇ ಬಿಟ್ಟುಬಂದ ಭಾಗ ಬರುವಷ್ಟರಲ್ಲಿ ಗೃಹಸಾಲದ ಕಂತು ನೆನಪಾಗಿ ಕಥನ ನಿಲ್ಲುತ್ತದೆ. ಅವರು ಮುಂದೆ ತಯಾರಿಸಿದ ಕಬ್ಬಿಣದ ನೇಗಿಲು ನೆಲಕ್ಕೆ ವಿಷವೆಂದು ರೈತರು ಹೆದರಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂಬುದನ್ನು ಮಾತ್ರ, ಹಂಗಾಮಿನಿಂದ ಹಂಗಾಮಿಗೆ ಮುಂದೆ ಹೋಗುವ ಬಿಡುಗಡೆಗೆ ಪ್ರಮಾಣವಾಗಿ ಒದಗಿಸುತ್ತಾನೆ.

ಸದ್ಯ ಆಪ್ ಇಳಿಸಿಕೊಂಡಿರುವ ಏಕೈಕ ಗ್ರಾಹಕ ಉಗಾರದ ಸೋದರಮಾವ. ಅಭಿಪ್ರಾಯ ಕೇಳಿದಾಗ ಅವರು, “ಭಾಳ ಚಲೋ ಮಾಡೀಯಪಾ, ಅದರಾಗ ಫೀಲ್ಡ್‌ಮನ್‌ನ ನಂಬರ್ ಒಂದು ಹಾಕಿಬಿಡು” ಎನ್ನುತ್ತಾರೆ. ಮಾಲೀಕ ಇದನ್ನು ಎರಡನೆಯ ಆವೃತ್ತಿಯ ಮುಖ್ಯ ಸೌಲಭ್ಯವೆಂದು ಬರೆದುಕೊಂಡು, ಭಾನುವಾರ ರಾತ್ರಿಯ ಪುಣೆ ಬಸ್ಸಿಗೆ ನಿಪ್ಪಾಣಿಯತ್ತ ಹೊರಡುತ್ತಾನೆ.